ಬಣ್ಣ ಅವನದು, ನೆಕ್ ನನ್ನದು

ಎಲೆಕ್ಟ್ರಿಕ್ ಗಿಟಾರ್ ಹುಚ್ಚು ನನಗೆ ಹತ್ತಿದ್ದು ಊರು ಬಿಟ್ಟ ಮೇಲೆ. ಅದೇ ಹುಚ್ಚಿನ ಇನ್ನೊಬ್ಬ ಕನ್ನಡಿಗ ಇಲ್ಲೇ ಗಂಟುಬಿದ್ದ. ಅಂದಿನಿಂದ ಇಬ್ಬರೂ ಅಚ್ಚ ಕನ್ನಡದಲ್ಲಿ ಜಗಳ ಆಡುವುದು ಒಂದೇ ವಿಷಯಕ್ಕೆ. ಕಂಪನಿ ಇಷ್ಟೇ ಅಂತ ಎಣಿಸಿ ಬಿಡುವ ಲಿಮಿಟೆಡ್ ಎಡಿಷನ್ ಒಳ್ಳೆಯದೋ, ಮಾಮೂಲಿ ಮಾಡೆಲ್‌ನಲ್ಲೇ ಬಣ್ಣ, ಮರ, ತಂತಿಯ ಕಂಪನ ಹಿಡಿಯುವ ಪಿಕಪ್ ಆರಿಸಿ ಮಾಡಿಸಿಕೊಳ್ಳುವುದು ಒಳ್ಳೆಯದೋ?

ಅವನು ಎಡಿಷನ್ ಪಕ್ಷ. ಹೊಸದು ಬಂತು ಅಂದ್ರೆ ನಿದ್ದೆ ಇಲ್ಲ. "ಮುಗಿದು ಹೋಗತ್ತೆ ಮಾರಾಯ" ಅನ್ನುವುದೇ ಅವನ ವಾದ. ಮೊನ್ನೆ ಕೊಂಡದ್ದನ್ನು ತೊಡೆ ಮೇಲಿಟ್ಟು ನೋಡಿದೆ. ಬಣ್ಣ ಚೆಂದ, ಸುಳ್ಳು ಹೇಳಬಾರದು. ಬಾಡಿಗೆ ಗೀರು ಬೀಳದ ಹಾಗೆ ಹಾಕುವ ಪಿಕ್‌ಗಾರ್ಡ್ ಬೇರೆ, ನಾಬ್ ಬೇರೆ. ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗ, ಮಾತ್ರ ಅವನ ಹಳೆಯ ಗಿಟಾರಿನ ಹಾಗೇ. ಅದೇ ದಪ್ಪ, ಬೆರಳು ಒತ್ತುವ ಫ್ರೆಟ್‌ಬೋರ್ಡಿನ ಬಾಗಿಗೆ ಅದೇ 9.5 ಇಂಚಿನ ರೇಡಿಯಸ್. ಮೂರ್ತಿ ಅದೇ, ಅಲಂಕಾರ ಬೇರೆ.

ನನ್ನ ಬೆರಳು ಗಿಡ್ಡ. 25.5 ಇಂಚಿನ ಸ್ಕೇಲ್‌ನಲ್ಲಿ, ಅಂದರೆ ನುಡಿಯುವ ತಂತಿಯ ಉದ್ದ ಅಷ್ಟಿದ್ದಾಗ, ಮೊದಲ ನಾಲ್ಕು ಫ್ರೆಟ್‌ಗೆ ಬೆರಳು ಹರಡಿದರೆ ಕಿರುಬೆರಳು ಸೋಲುತ್ತದೆ. 24.75 ಆದರೆ ಮುಕ್ಕಾಲು ಇಂಚು ಕಮ್ಮಿ, ಅದೂ ಇಡೀ ತಂತಿಗೆ. ಆದರೂ ಕೈಗೆ ಗೊತ್ತಾಗುತ್ತದೆ. ಅದೇ ದಪ್ಪದ ತಂತಿ, ಅದೇ ಶ್ರುತಿ ಇಟ್ಟರೂ ಬಿಗಿ ಸ್ವಲ್ಪ ಇಳಿಯುತ್ತದೆ, ತಂತಿ ಪಕ್ಕಕ್ಕೆಳೆದು ಸ್ವರ ಏರಿಸುವ ಬೆಂಡ್ ಸಲೀಸು. ಎಡಿಷನ್ ಮಾಡುವವರು ಇದನ್ನೆಲ್ಲ ನನ್ನ ಕೇಳ್ತಾರಾ? ಹಾಗೆ ನೋಡಿದರೆ ಎಷ್ಟೋ ಕಂಪನಿಗಳ ಆಯ್ಕೆ ಪಟ್ಟಿಯಲ್ಲೂ ಬರೀ ಬಣ್ಣವೇ ಇರುತ್ತದೆ. ಅದೂ ಅಲಂಕಾರವೇ.

ಇನ್ನು ಅಪರೂಪದ ಮಾತು. 1958ರಿಂದ 1960ರವರೆಗೆ ಗಿಬ್ಸನ್ ಕಂಪನಿ ಮಾಡಿದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರಿಗೆ ಇವತ್ತು ಜನ ಆಸ್ತಿ ಮಾರುವಷ್ಟು ಬೆಲೆ. ಅದೇನು ಎಣಿಸಿ ಬಿಟ್ಟ ಎಡಿಷನ್ ಅಲ್ಲ. ಆಗ ವ್ಯಾಪಾರ ಕುದುರಲಿಲ್ಲ, 1961ಕ್ಕೆ ಆಕಾರವನ್ನೇ ಬದಲಿಸಿಬಿಟ್ಟರು. ಇನ್ನೊಂದು ಗಿಟಾರ್ ಕಂಪನಿ ಫೆಂಡರ್‌ನಲ್ಲಿ ಆ ಕಾಲಕ್ಕೆ ಶೇ 5ರಷ್ಟು ಜಾಸ್ತಿ ಕೊಟ್ಟರೆ ಕಾರಿನ ಬಣ್ಣ ಹಾಕಿಕೊಡುತ್ತಿದ್ದರು. ಲೇಕ್ ಪ್ಲಾಸಿಡ್ ಬ್ಲೂ ಅನ್ನುವ ನೀಲಿ ಕ್ಯಾಡಿಲಾಕ್ ಕಾರಿನದು. ಯಾರೋ ಇಷ್ಟಪಟ್ಟು ಕೇಳಿ ಹಾಕಿಸಿಕೊಂಡ ಆ ಬಣ್ಣಗಳಿಗೇ ಈಗ ಜನ ಮುಗಿಬೀಳುತ್ತಾರೆ.

ನಾನೂ ಎಡವಿದ್ದೇನೆ ಬಿಡಿ. ಮೂರು ರಾತ್ರಿ ಕೂತು ಆರಿಸಿ ಒಂದು ಮಾಡಿಸಿದೆ. ಹಸಿರು ಬಾಡಿ, ಚಿನ್ನದ ಬಣ್ಣದ ಟ್ಯೂನರ್, ಕಂದು ಪಿಕ್‌ಗಾರ್ಡ್. ಸ್ಕ್ರೀನ್ ಮೇಲೆ ಒಂದೊಂದೂ ಮುದ್ದಾಗಿತ್ತು. ಪೆಟ್ಟಿಗೆ ತೆರೆದಾಗ ಮೂರೂ ಒಂದಕ್ಕೊಂದು ಮಾತು ಬಿಟ್ಟ ಹಾಗಿದ್ದವು. ಗೆಳೆಯ ಒಂದು ನಿಮಿಷ ಸುಮ್ಮನಿದ್ದು, "ಲೈಟ್ ಆರಿಸಿ ನುಡಿಸು" ಅಂದ. ಹೇಳಿ ಮಾಡಿಸಿದ್ದು, ವಾಪಸ್ ತಗೊಳ್ಳಲ್ಲ. ಅವನ ಗಿಟಾರಿಗೆ ಬಣ್ಣದ ಹದ ಬಲ್ಲವರು ಯಾರೋ ಕೂತು ಹೊಂದಿಸಿರುತ್ತಾರೆ, ಆ ಕಣ್ಣಿಗೆ ದುಡ್ಡು ಕೊಡುವುದು ತಪ್ಪಲ್ಲ ಅಂತ ಅವತ್ತು ಒಪ್ಪಿಕೊಂಡೆ.

ನೆಕ್ ಮಾತ್ರ ನಾನು ಕೇಳಿದ ಹಾಗೇ ಬಂದಿದೆ. ಈಗ ಅವನು ಮನೆಗೆ ಬಂದರೆ ಮೊದಲು ಕೈ ಹಾಕುವುದು ಅದಕ್ಕೇ. ಕಣ್ಣು ಮುಚ್ಚಿಕೊಂಡು ನುಡಿಸುತ್ತಾನೆ, ಬೇಕಂತಲೇ.