"ನಾನಾಗಿದ್ದರೆ ಓಡಿಬಿಡುತ್ತಿದ್ದೆ" ಎನ್ನುವವರಿಗೆ

ಮೂರು ದಿನ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ಒಂದು ಸಿನಿಮಾಕ್ಕೆ ಇಷ್ಟೊಂದು ಕೋಪವೇ ಎಂದು ಮನೆಯವರು ಕೇಳಿದರು. ಹೌದು, ಇಷ್ಟೊಂದು ಕೋಪವೇ. ಒಳಗೇ ಕುದಿಯುವುದಕ್ಕಿಂತ ಬರೆದು ಹೊರಹಾಕುತ್ತೇನೆ.

ಕಳೆದ ಭಾನುವಾರ ರಾತ್ರಿ ಎಂಟು ಜನ ಒಟ್ಟಿಗೆ ಕುಳಿತು ಒತ್ತೆಸೆರೆಯ ಕಥೆಯುಳ್ಳ ಥ್ರಿಲ್ಲರ್ ಒಂದನ್ನು ನೋಡಿದೆವು. ಬ್ಯಾಂಕ್ ಮುಚ್ಚುವ ಹೊತ್ತಿಗೆ ಇಬ್ಬರು ಬಂದೂಕುಧಾರಿಗಳು ಒಳನುಗ್ಗುತ್ತಾರೆ. ಒಳಗೆ ಏಳು ಜನ ಸಿಕ್ಕಿಕೊಳ್ಳುತ್ತಾರೆ. ಹೊರಗೆ ದೂರವಾಣಿ ಹಿಡಿದ ಒಬ್ಬ ಸಂಧಾನಕಾರ. ಎರಡು ಗಂಟೆಯ ಸಿನಿಮಾದಲ್ಲಿ ಗುಂಡು ಹಾರುವುದು ಮೂರೇ ಸಲ. ಉಳಿದದ್ದೆಲ್ಲ ಮಾತು, ಮೌನ, ಬೆವರು, ಗೋಡೆಯ ಗಡಿಯಾರ. ಮುಗಿಯುವ ಹೊತ್ತಿಗೆ ನನ್ನ ಅಂಗೈ ಒದ್ದೆಯಾಗಿತ್ತು, ಗಂಟಲು ಕಟ್ಟಿತ್ತು. ಪರದೆಯ ಮೇಲೆ ಇನ್ನೂ ಹೆಸರುಗಳು ಸರಿಯುತ್ತಿದ್ದವು, ಅಷ್ಟರಲ್ಲೇ ಒಬ್ಬರು ದೀಪ ಹಾಕಿ ತೀರ್ಪು ಕೊಟ್ಟರು: "ಏನೂ ನಡೆಯಲೇ ಇಲ್ಲವಲ್ಲ!"

ಅಲ್ಲಿಂದ ಶುರುವಾಯಿತು. ಸಿನಿಮಾ ನಿಧಾನ. ಬರೀ ಮಾತು. ಪೊಲೀಸರು ಹೇಡಿಗಳು. ಆ ಹೆಂಗಸು ದಡ್ಡಿ. ಸೋಮವಾರ ಕಚೇರಿಗೆ ಹೋದರೆ ಅಲ್ಲಿ ಇನ್ನೊಂದು ಗುಂಪು. ಅವರಿಗೆ ಸಿನಿಮಾ ಬಹಳ ಹಿಡಿಸಿದೆ, ಆದರೆ ಅವರು ಮೆಚ್ಚಿದ ಕಾರಣ ಕೇಳಿ ನನಗೆ ಇನ್ನಷ್ಟು ಬೇಸರವಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಅಭಿಪ್ರಾಯ ಬೇರೆಯಾಗಿರುವುದಕ್ಕೆ ನನಗೆ ಕೋಪವಿಲ್ಲ. ಹಿನ್ನೆಲೆ ಸಂಗೀತ ಕೆಲವೆಡೆ ಅತಿಯಾಯಿತು ಎಂದರೆ ಒಪ್ಪುತ್ತೇನೆ. ಎರಡನೆಯ ದರೋಡೆಕೋರನ ಪಾತ್ರ ಸರಿಯಾಗಿ ಬೆಳೆಯಲಿಲ್ಲ ಎಂದರೂ ಒಪ್ಪುತ್ತೇನೆ. ನನ್ನ ಜಗಳ ಇರುವುದು ನೋಡದೆಯೇ ತೀರ್ಪು ಕೊಡುವವರ ಜೊತೆ. ಎಂಟು ಜನರಲ್ಲಿ ಮೂವರು ಅರ್ಧ ಸಿನಿಮಾ ಹೊತ್ತು ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದರು. ಕಚೇರಿಯ ಒಬ್ಬರು ವೇಗವನ್ನು ಒಂದೂವರೆ ಪಟ್ಟು ಹೆಚ್ಚಿಸಿ ನೋಡಿದರಂತೆ, ಆದರೂ ಬಿಗಿ ಇಲ್ಲ ಎನ್ನುತ್ತಾರೆ. ಕಾಯುವಿಕೆಯೇ ಕಥೆಯಾಗಿರುವ ಚಿತ್ರದಲ್ಲಿ ಕಾಯುವಿಕೆಯನ್ನು ಓಡಿಸಿಬಿಟ್ಟರೆ ಉಳಿಯುವುದೇನು?

ಒತ್ತೆಸೆರೆ ಎಂದರೆ ಕಾಯುವುದೇ. 1979ರ ನವೆಂಬರ್‌ನಲ್ಲಿ ಟೆಹ್ರಾನ್‌ನ ಅಮೆರಿಕ ರಾಯಭಾರ ಕಚೇರಿಯಲ್ಲಿ ಸೆರೆ ಸಿಕ್ಕವರಲ್ಲಿ 52 ಮಂದಿ 444 ದಿನ ಕಾದರು. ಪೆರುವಿನ ಲಿಮಾದಲ್ಲಿ ಜಪಾನ್ ರಾಯಭಾರಿಯ ನಿವಾಸದಲ್ಲಿ 1996ರ ಡಿಸೆಂಬರ್‌ನಲ್ಲಿ ಸಿಕ್ಕಿಕೊಂಡವರ ಪೈಕಿ ಕೊನೆಯವರು ಹೊರಬರುವಷ್ಟರಲ್ಲಿ 126 ದಿನ ಕಳೆದಿತ್ತು. ಇವರಿಗೆ ಎರಡು ಗಂಟೆ ದೀರ್ಘವಾಯಿತು!

"ಕಮಾಂಡೊಗಳು ಮೊದಲೇ ನುಗ್ಗಬೇಕಿತ್ತು" ಎಂಬ ಮಾತಂತೂ ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರ ಬಾಯಲ್ಲಿ ಉಗಾಂಡಾದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಸ್ರೇಲ್ ನಡೆಸಿದ ಕಾರ್ಯಾಚರಣೆ ಸದಾ ಸಿದ್ಧವಾಗಿರುತ್ತದೆ. ಸರಿ, ಎಂಟೆಬೆಯನ್ನೇ ನೋಡೋಣ. ವಿಮಾನ ಅಪಹರಣವಾದದ್ದು 1976ರ ಜೂನ್ 27ರಂದು. ಇಸ್ರೇಲಿ ಸೈನಿಕರು ಉಗಾಂಡಾದಲ್ಲಿ ಇಳಿದದ್ದು ಜುಲೈ 3ರ ರಾತ್ರಿ. ಅಪಹರಣಕಾರರು ಕೊಟ್ಟಿದ್ದ ಜುಲೈ 1ರ ಗಡುವು ಜುಲೈ 4ಕ್ಕೆ ಮುಂದೆ ಹೋದದ್ದು ಮಾತುಕತೆಗೆ ಸಿದ್ಧ ಎಂದು ಇಸ್ರೇಲ್ ಸರ್ಕಾರ ತಿಳಿಸಿದ ಮೇಲೆ. ಆ ಮೂರು ದಿನ ಸಿಗದಿದ್ದರೆ ಸೈನಿಕರು ತಲುಪುವ ಮುನ್ನವೇ ಗಡುವು ತೀರಿರುತ್ತಿತ್ತು. 100ಕ್ಕೂ ಹೆಚ್ಚು ಜನ ಪಾರಾದ ಆ ಕಾರ್ಯಾಚರಣೆಯಲ್ಲೂ ಒತ್ತೆಯಾಳುಗಳು ಸತ್ತರು, ದಾಳಿಯ ಮುಂದಾಳೂ ಸತ್ತ. 2002ರ ಅಕ್ಟೋಬರ್‌ನಲ್ಲಿ ಮಾಸ್ಕೋದ ರಂಗಮಂದಿರಕ್ಕೆ ಅನಿಲ ಬಿಟ್ಟು ಪಡೆಗಳು ನುಗ್ಗಿದವಲ್ಲ, ಅಲ್ಲಿ 120ಕ್ಕೂ ಹೆಚ್ಚು ಒತ್ತೆಯಾಳುಗಳು ಪ್ರಾಣ ಬಿಟ್ಟರು. ಅವರಲ್ಲಿ ಬಹುತೇಕರನ್ನು ಕೊಂದದ್ದು ಅಪಹರಣಕಾರರ ಗುಂಡಲ್ಲ, ಆ ಅನಿಲ. ನುಗ್ಗುವುದು ಎಂದರೆ ಬಾಗಿಲು ಒದೆಯುವುದಷ್ಟೇ ಎಂದುಕೊಂಡವರಿಗೆ ಇದನ್ನು ಎಷ್ಟು ಸಲ ಹೇಳಬೇಕು?

ಸಂಧಾನಕಾರನ ಪಾತ್ರವನ್ನಂತೂ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವನು ಯಾವ ಬೇಡಿಕೆಗೂ ನೇರವಾಗಿ ಇಲ್ಲ ಎನ್ನುವುದಿಲ್ಲ, ಹೂಂ ಎನ್ನುವುದೂ ಇಲ್ಲ. "ಮೇಲಿನವರನ್ನು ಕೇಳಿ ಹೇಳುತ್ತೇನೆ" ಎನ್ನುತ್ತಾನೆ. ಅದನ್ನು ಕೇಳಿ ಒಬ್ಬರು, "ಅಧಿಕಾರವೇ ಇಲ್ಲದವನನ್ನು ಯಾಕೆ ಕಳುಹಿಸಿದರು?" ಎಂದು ಮೂಗು ಮುರಿದರು. ಅಧಿಕಾರ ಇಲ್ಲದಿರುವುದೇ ಅವನ ಬಲ! ಮಾತನಾಡುವವನು ಆಜ್ಞೆ ಕೊಡಬಾರದು, ಆಜ್ಞೆ ಕೊಡುವವನು ಮಾತನಾಡಬಾರದು ಎಂಬುದು ಈ ಕೆಲಸದ ಮೊದಲ ಪಾಠ. ಕೇಳಿ ಹೇಳುತ್ತೇನೆ ಎಂದಾಗಲೆಲ್ಲ ಹತ್ತು ನಿಮಿಷ ಸಿಗುತ್ತದೆ, ಹತ್ತು ನಿಮಿಷದಲ್ಲಿ ಬಂದೂಕು ಹಿಡಿದ ಕೈಯ ನಡುಕ ಸ್ವಲ್ಪ ಕಡಿಮೆಯಾಗುತ್ತದೆ. ಗಡುವು ಮುಗಿಯುವ ಹೊತ್ತಿಗೆ ಅವನು ಬೇಕೆಂದೇ ಬೇರೆ ಮಾತು ತೆಗೆದು ಗಡಿಯಾರವನ್ನು ಮರೆಸುತ್ತಾನಲ್ಲ, ಆ ಐದು ನಿಮಿಷ ನಾನು ಉಸಿರು ಬಿಡಲಿಲ್ಲ. ಪಕ್ಕದವರು ಅದೇ ಹೊತ್ತಿಗೆ ಎದ್ದು ಹೋಗಿ ಬಂದರು.

ಟಿವಿ ವಾಹನಗಳನ್ನು ದೂರ ಕಳುಹಿಸಿ ಎಂದು ಅವನು ಗೋಗರೆಯುವ ದೃಶ್ಯವನ್ನು ಕತ್ತರಿಸಬಹುದಿತ್ತು ಎಂದವರೂ ಇದ್ದಾರೆ. 1972ರ ಸೆಪ್ಟೆಂಬರ್ 5ರಂದು ಮ್ಯೂನಿಕ್ ಒಲಿಂಪಿಕ್ಸ್ ಗ್ರಾಮದಲ್ಲಿ ಪೊಲೀಸರು ಕಟ್ಟಡ ಏರುತ್ತಿದ್ದುದು ನೇರ ಪ್ರಸಾರವಾಯಿತು. ಒಳಗಿದ್ದ ಅಪಹರಣಕಾರರು ಅದನ್ನು ಟಿವಿಯಲ್ಲೇ ನೋಡಿದರು. ಆ ಯತ್ನವನ್ನು ಕೈಬಿಡಬೇಕಾಯಿತು. ಆ ದುರಂತದಲ್ಲಿ ಇಸ್ರೇಲ್ ತಂಡದ 11 ಮಂದಿ ಸತ್ತರು. ಇಂಥ ರಕ್ತದ ಹಿನ್ನೆಲೆ ಇರುವ ದೃಶ್ಯ ಇವರಿಗೆ ಅನಗತ್ಯ.

ಈಗ ಆ ಹೆಂಗಸಿನ ವಿಷಯ. ನನ್ನ ಸಿಟ್ಟಿನ ಬೇರು ಇರುವುದು ಇಲ್ಲೇ.

ಏಳು ಒತ್ತೆಯಾಳುಗಳಲ್ಲಿ ಆಕೆ ಬ್ಯಾಂಕಿನ ಗುಮಾಸ್ತೆ. ನಡುರಾತ್ರಿ ಒಂದು ಗಳಿಗೆ ಹಿಂಬಾಗಿಲು ತೆರೆದಿರುತ್ತದೆ, ಕಾವಲಿಗಿದ್ದವನು ಅತ್ತ ತಿರುಗಿರುತ್ತಾನೆ. ಆಕೆ ಓಡುವುದಿಲ್ಲ. ಕೊನೆಯಲ್ಲಿ ಗಾಯಗೊಂಡು ಬಿದ್ದ ದರೋಡೆಕೋರನ ಬಾಯಿಗೆ ನೀರು ಹನಿಸುತ್ತಾಳೆ. ಇವೆರಡೇ ದೃಶ್ಯಕ್ಕೆ ಎಂಟು ಜನರ ಕೋಣೆ ನ್ಯಾಯಾಲಯವಾಯಿತು. "ನಾನಾಗಿದ್ದರೆ ಓಡಿಬಿಡುತ್ತಿದ್ದೆ." "ನಾನಾಗಿದ್ದರೆ ಬಂದೂಕು ಕಸಿದುಕೊಳ್ಳುತ್ತಿದ್ದೆ." "ಅವಳಿಗೆ ಅವನ ಮೇಲೆ ಪ್ರೀತಿ ಬಂದಿದೆ, ಸ್ಟಾಕ್‌ಹೋಮ್ ಸಿಂಡ್ರೋಮ್, ಅಷ್ಟೇ." ಮುಗಿಯಿತು! ಒಂದು ಪದ ಎಸೆದರು, ಒಂದು ಜೀವದ ಲೆಕ್ಕ ಚುಕ್ತಾ.

ಸೆರೆ ಹಿಡಿದವನ ಮೇಲೇ ಸೆರೆಯಾಳಿಗೆ ಒಲವು ಹುಟ್ಟುವುದು ಎಂಬ ಅರ್ಥದ ಆ ಪದ ಹುಟ್ಟಿದ ಕಥೆ ಇವರಿಗೆ ಗೊತ್ತೇ? 1973ರ ಆಗಸ್ಟ್ 23ರಂದು ಸ್ಟಾಕ್‌ಹೋಮ್‌ನ ಒಂದು ಬ್ಯಾಂಕಿಗೆ ಬಂದೂಕುಧಾರಿಯೊಬ್ಬ ನುಗ್ಗಿದ. ನಾಲ್ವರು ನೌಕರರು ಆರು ದಿನ ಸೆರೆಯಲ್ಲಿದ್ದರು. ಪೊಲೀಸರು ಭದ್ರತಾ ಕೋಣೆಯ ಮೇಲ್ಛಾವಣಿ ಕೊರೆಯುತ್ತಿದ್ದರು, ಅಶ್ರುವಾಯು ಬಿಡುವ ಯೋಚನೆಯಲ್ಲಿದ್ದರು. ಅನಿಲ ಬಂದರೆ ಒತ್ತೆಯಾಳುಗಳೇ ನೇಣಿಗೆ ಬೀಳಲಿ ಎಂದು ಅವರ ಕುತ್ತಿಗೆಗೆ ಕುಣಿಕೆ ಹಾಕಿ ನಿಲ್ಲಿಸಲಾಗಿತ್ತು. ಹಾಗೆ ಸೆರೆಯಲ್ಲಿದ್ದ ಒಬ್ಬ ಯುವತಿ ಸ್ವೀಡನ್ ಪ್ರಧಾನಿ ಒಲೋಫ್ ಪಾಮೆ ಜೊತೆ ದೂರವಾಣಿಯಲ್ಲಿ ಮಾತನಾಡಿ, ಪೊಲೀಸರ ದಾಳಿಯಿಂದಲೇ ತಾವು ಸಾಯುತ್ತೇವೆ ಎಂಬ ಭಯ ತೋಡಿಕೊಂಡಳು. ಅದರಲ್ಲಿ ತಪ್ಪೇನಿತ್ತು? ಆದರೆ ಪೊಲೀಸರಿಗೆ ಸಲಹೆ ಕೊಡುತ್ತಿದ್ದ ಮನೋವೈದ್ಯನೇ ಅಂಥ ನಡವಳಿಕೆಗೆ ಕಾಯಿಲೆಯ ಹೆಸರು ಕೊಟ್ಟ. ಅಮೆರಿಕದ ಮನೋವೈದ್ಯರು ಬಳಸುವ ರೋಗನಿರ್ಣಯದ ಕೈಪಿಡಿಯಲ್ಲಿ ಅಂಥದೊಂದು ರೋಗ ಇಂದಿಗೂ ಸೇರಿಲ್ಲ. ನಮ್ಮ ಕೋಣೆಯ ಸೋಫಾದ ಮೇಲೆ ಮಾತ್ರ ಅದು ಖಚಿತವಾಗಿ ಸಾಬೀತಾಯಿತು.

ಭಯದಲ್ಲಿ ಕಾಲು ಏಳುವುದಿಲ್ಲ. ಬಂದೂಕಿನ ಮುಂದೆ ಬೇಡ, ಕತ್ತಲೆಯಲ್ಲಿ ನಾಯಿಯೊಂದು ಎದುರಾದಾಗ ಒಮ್ಮೆಯಾದರೂ ನಿಂತಲ್ಲೇ ಕಲ್ಲಾದವರಿಗೆ ಇದು ಗೊತ್ತಿರುತ್ತದೆ. ಹತ್ತು ಗಂಟೆ ನೆಲದ ಮೇಲೆ ಕುಳಿತು, ಶೌಚಕ್ಕೆ ಹೋಗಲೂ ಒಬ್ಬ ಕೊಲೆಗಡುಕನ ಅಪ್ಪಣೆ ಕೇಳಿದ ಹೆಂಗಸು ಸಾಯುತ್ತಿರುವವನಿಗೆ ನೀರು ಕೊಟ್ಟರೆ ಅದಕ್ಕೆ ಪ್ರೀತಿ ಎಂಬ ಹೆಸರೇ ಬೇಕೆ? ಮನುಷ್ಯತ್ವ ಎನ್ನಲು ನಾಲಿಗೆ ತಿರುಗುವುದಿಲ್ಲವೇ?

ಇನ್ನು ಕಚೇರಿಯ ಮೆಚ್ಚುಗೆಯವರು. ಅವರಿಗೆ ದರೋಡೆಕೋರನೇ ನಾಯಕ. ಮಗಳ ಚಿಕಿತ್ಸೆಗೆ ಹಣವಿಲ್ಲದವನು, ವ್ಯವಸ್ಥೆಯ ವಿರುದ್ಧ ಎದ್ದವನು, ಎಂಥ ಅಭಿನಯ, ಎಂಥ ಕಣ್ಣು! ಅಭಿನಯ ಚೆನ್ನಾಗಿದೆ, ನಿಜ. ಅವನ ಕಷ್ಟಕ್ಕೆ ನನಗೂ ಕರುಳು ಚುರುಕ್ ಎಂದಿತು. ಆದರೆ ಒಳಗಿದ್ದ ಏಳು ಜನರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ಎಂದು ಕೇಳಿದೆ. ಒಬ್ಬರಿಗೂ ನೆನಪಿರಲಿಲ್ಲ. ಉಬ್ಬಸದಿಂದ ಏದುಸಿರು ಬಿಡುತ್ತಿದ್ದ ಮುದುಕ, ಕೆಲಸಕ್ಕೆ ಸೇರಿ ಎರಡನೆಯ ದಿನವಾಗಿದ್ದ ಹುಡುಗ, ಯಾರೂ ಇಲ್ಲ. ಒಂದು ಗುಂಪಿಗೆ ಅವರು ದಡ್ಡರು, ಇನ್ನೊಂದು ಗುಂಪಿಗೆ ಕೋಣೆಯ ಪೀಠೋಪಕರಣ. ಎರಡೂ ಗುಂಪು ನನ್ನ ಕಣ್ಣಿಗೆ ಒಂದೇ. (ಅದೇ ಗುಂಪಿನವರೊಬ್ಬರು ಇನ್ನೂ ಸಿನಿಮಾ ನೋಡದ ಇಬ್ಬರ ಮುಂದೆ ಕೊನೆಯಲ್ಲಿ ಯಾರು ಸಾಯುತ್ತಾರೆಂದು ಹೇಳಿಬಿಟ್ಟರು. ಅದಕ್ಕೆ ಬೇರೆಯೇ ಬರೆಯಬೇಕು.)

ಆ ಹಿಂಬಾಗಿಲಿನ ಜಗಳ ತಲೆಯಿಂದ ಹೋಗದೆ, ನಿನ್ನೆ ರಾತ್ರಿ ಒಬ್ಬಳೇ ಕುಳಿತು ಆ ದೃಶ್ಯವನ್ನು ಮತ್ತೆ ನೋಡಿದೆ. ಬಾಗಿಲು ತೆರೆದಿರುವುದು ಬರೀ 11 ಸೆಕೆಂಡು. ಗಡಿಯಾರ ಹಿಡಿದು ಎಣಿಸಿದ್ದೇನೆ. ಮೊದಲು ಆಕೆಯ ಕಣ್ಣು ಬಾಗಿಲಿಗೆ ಹೋಗುತ್ತದೆ, ಪಾದ ಒಂದು ಅಂಗುಲ ಮುಂದೆ ಸರಿಯುತ್ತದೆ. ಆಮೇಲೆ ಆಕೆ ತಿರುಗುತ್ತಾಳೆ. ಉಬ್ಬಸದ ಆ ಮುದುಕ ಆಕೆಯ ಸೆರಗಿನ ಅಂಚನ್ನು ಹಿಡಿದುಕೊಂಡೇ ನಿದ್ದೆ ಹೋಗಿದ್ದಾನೆ. ಆಕೆ ಅದನ್ನು ಬಿಡಿಸಿಕೊಳ್ಳಲು ಕೈ ಚಾಚುತ್ತಾಳೆ, ಬಿಡಿಸದೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಭಾನುವಾರ ಆ ಹೊತ್ತಿಗೆ "ನಾನಾಗಿದ್ದರೆ" ಎಂದವರ ಮುಖದ ಮೇಲೆ ಮೊಬೈಲಿನ ನೀಲಿ ಬೆಳಕಿತ್ತು. ನಾನು ಪಕ್ಕದಲ್ಲೇ ಇದ್ದೆ.