ಎಸೆಯಲು ಕೈ ಬಾರದ ಎಲೆ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ತಮ್ಮನ ಹಿತ್ತಲಲ್ಲಿ ಮೊದಲ ಸಲ ರುಬಾರ್ಬ್ ಎಂಬ ಹುಳಿ ದಂಟಿನ ಗಿಡ ನೋಡಿದಾಗ ಕೆಸು ಅಂದುಕೊಂಡೆ. ಅಷ್ಟು ಅಗಲದ ಎಲೆ. ಬಗ್ಗಿ ನೋಡಿದರೆ ದಂಟು ಮಾತ್ರ ಕೆಂಪು ಹರಿವೆಯ ಬಣ್ಣ. ಒಳಗೆ ಹೋಗಿ ಚಾಕು ತಂದೆ. "ಅಕ್ಕಾ, ಕೊಯ್ಯಬ್ಯಾಡ, ಕೀಳು!" ಎಂದು ತಮ್ಮ ಕೂಗಿದ.

ನಾವು ಸೊಪ್ಪು ಚಿವುಟುತ್ತೇವೆ, ಹೂವು ಬಿಡಿಸುತ್ತೇವೆ, ಬದನೆ ಕೊಯ್ಯುತ್ತೇವೆ, ಮೂಲಂಗಿ ಕೀಳುತ್ತೇವೆ. ದಂಟು ಕೀಳುವುದು ನನಗೆ ಹೊಸದು. ಬುಡದ ಹತ್ತಿರ ಹಿಡಿದು, ತುಸು ತಿರುಚಿ, ಎಳೆಯಬೇಕು. ಸರಿಯಾಗಿ ಎಳೆದರೆ ಟಪ್ ಅಂತ ಪೂರ್ತಿ ಬರುತ್ತದೆ. ಚಾಕು ಹಾಕಿದರೆ ಉಳಿದ ಮೋಟು ಕೊಳೆತು ಬುಡಕ್ಕೂ ಹಬ್ಬಬಹುದು. ನೆಟ್ಟ ಮೊದಲ ವರ್ಷ ಮುಟ್ಟುವ ಹಾಗೇ ಇಲ್ಲ. ಆಮೇಲೂ ಗಿಡವನ್ನು ಬೋಳಿಸಬಾರದು, ಅರ್ಧದಷ್ಟು ಬಿಡಬೇಕು. ಜುಲೈ ಹೊತ್ತಿಗೆ ಕೀಳುವುದು ಸಾಕು ಮಾಡಬೇಕು. ಬೇರು ಮುಂದಿನ ವರ್ಷಕ್ಕೆ ಕೂಡಿಟ್ಟುಕೊಳ್ಳಬೇಕಲ್ಲ!

ಇಷ್ಟೆಲ್ಲ ಒಪ್ಪಿಕೊಂಡೆ. ಸಂಕಟವಾಗಿದ್ದು ಎಲೆಯ ವಿಷಯಕ್ಕೆ. ಆ ಛತ್ರಿಯಂಥ ಎಲೆಗಳನ್ನೆಲ್ಲ ತಮ್ಮ ಕತ್ತರಿಸಿ ಗೊಬ್ಬರದ ಗುಂಡಿಗೆ ಎಸೆದುಬಿಟ್ಟ. ಧಾರವಾಡದಲ್ಲಿ ಪುಂಡಿ, ಮೆಂತ್ಯ, ರಾಜಗಿರಿ ತಿಂದು ಬೆಳೆದವಳು ನಾನು. ಮೂಲಂಗಿ ಎಲೆಯನ್ನೂ ಬಿಟ್ಟವಳಲ್ಲ. ಬುಟ್ಟಿ ತುಂಬ ಎಲೆ ಎಸೆಯುವುದೆಂದರೆ ಕೈ ಬರುತ್ತದಾ? "ವಿಷ ಅದು" ಅಂದ ಅವನು. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ. ಮೊದಲ ಮಹಾಯುದ್ಧದ ಕಾಲದಲ್ಲಿ ತರಕಾರಿ ಸಾಲದೆ, ಈ ಎಲೆಯನ್ನೂ ಬೇಯಿಸಿ ತಿನ್ನಿ ಎಂದು ಬ್ರಿಟನ್ನಿನಲ್ಲಿ ಜನರಿಗೆ ಹೇಳಿದ್ದರಂತೆ. ತಿಂದವರಲ್ಲಿ ಪ್ರಾಣ ಕಳೆದುಕೊಂಡವರೂ ಇದ್ದಾರೆ. ಸುಮ್ಮನಾದೆ.

ಅವನ ಮಕ್ಕಳು ದಂಟಿಗೆ ಸಕ್ಕರೆ ಸುರಿದು ಬೇಯಿಸಿ, ಮೇಲೆ ಕಸ್ಟರ್ಡ್ ಹಾಕಿಕೊಂಡು ತಿಂದರು. ನಾನು ನಾಲ್ಕು ದಂಟು ಎತ್ತಿಟ್ಟುಕೊಂಡು ಬೆಲ್ಲ, ಹಸಿಮೆಣಸು, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿದೆ. ಹೋಳು ಹೋಳಾಗಿ ಉಳಿಯುತ್ತದೆ ಅಂದುಕೊಂಡಿದ್ದೆ. ಹುಣಸೆ ಕಿವುಚಿದ ಹಾಗೆ ಕರಗಿಯೇ ಹೋಯಿತು. ಆದರೂ ತಮ್ಮ ಎರಡು ಸಲ ಅನ್ನ ಹಾಕಿಸಿಕೊಂಡ. 1947ರಲ್ಲಿ ಅಮೆರಿಕದ ಒಂದು ನ್ಯಾಯಾಲಯ, ಆಮದು ಸುಂಕದ ಲೆಕ್ಕಕ್ಕೆ, ರುಬಾರ್ಬ್ ತರಕಾರಿಯಲ್ಲ, ಹಣ್ಣು ಎಂದು ತೀರ್ಪು ಕೊಟ್ಟಿತ್ತು. ಆ ಜಡ್ಜ್ ನನ್ನ ಗೊಜ್ಜಿನ ರುಚಿ ನೋಡಿರಲಿಲ್ಲ, ಪಾಪ.

ವಾಪಸ್ ಬರುವಾಗ ಒಂದು ಪೊಟ್ಟಣ ಬೀಜ ತಂದೆ. ಪುಣೆಯ ನಮ್ಮ ಕೋಥ್ರೂಡ್ ಬಾಲ್ಕನಿಯಲ್ಲಿ ದೊಡ್ಡ ಕುಂಡಕ್ಕೆ ಹಾಕಿದೆ. ಮೂರು ಗಿಡ ಎದ್ದವು. ಡಿಸೆಂಬರ್, ಜನವರಿಯಲ್ಲಿ ಜೋರಾಗಿಯೇ ಇದ್ದವು. ಪಕ್ಕದ ಮನೆಯ ಅಜ್ಜಿ ಬಂದು ನೋಡಿ "ಅಳೂ ಕಾ?" ಎಂದರು. ಅವರಿಗೂ ಕೆಸುವೇ ಕಂಡಿತು! ಏಪ್ರಿಲ್‌ಗೆ ಎಲೆ ಜೋತುಬಿದ್ದವು. ಮೇ ತಿಂಗಳು ಬಾಕಿ ಕೆಲಸ ಮುಗಿಸಿತು. ಈ ಗಿಡಕ್ಕೆ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ಮಲಗಿ ಏಳಬೇಕು. ಪುಣೆಯವರು ಸ್ವೆಟರ್ ಹಾಕಿಕೊಂಡು ಹೊಗಳುವ ಥಂಡಿ ಅದಕ್ಕೆ ಏನೇನೂ ಸಾಲದು.

ಅಜ್ಜಿಯೇ ದಾರಿ ತೋರಿಸಿದರು. "ಹುಳಿ ದಂಟು ಬೇಕಾದರೆ ಚುಕ್ಕಾ ಹಾಕು" ಅಂದರು. ತರಕಾರಿ ಮಾರುಕಟ್ಟೆ ಮಂಡಯಿಗೆ ಹೋಗಿ ಒಂದು ಕಟ್ಟು ಅಂಬಟ್ ಚುಕ್ಕಾ ಸೊಪ್ಪು ತಂದೆ. ಮನೆಗೆ ಬಂದು ಬಿಚ್ಚಿ ನೋಡಿದರೆ, ಅರೆ, ನಮ್ಮವ್ವನ ಹುಳಿಚಿಕ್ಕ! ತೊಗರಿಬೇಳೆ, ಶೇಂಗಾ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ರೊಟ್ಟಿಗೆ ಮಾಡುತ್ತಿದ್ದಳಲ್ಲ, ಅದೇ. ಇಲ್ಲಿ ಮದುವೆ ಊಟದ ಅಳೂಚಿ ಭಾಜಿಗೂ ಇದನ್ನು ಸೇರಿಸುತ್ತಾರೆ. ಕೆಸುವಿನ ತುರಿಕೆ ಹುಳಿಗೆ ತಗ್ಗಲಿ ಅಂತ. ಇನ್ನೂ ತಮಾಷೆ ಎಂದರೆ, ಚುಕ್ಕಾ ಮತ್ತು ರುಬಾರ್ಬ್ ಎರಡೂ ಒಂದೇ ಸಸ್ಯಕುಟುಂಬದವು, ದಾಯಾದಿಗಳು. ಆಕ್ಸಾಲಿಕ್ ಆಮ್ಲ ಇದರಲ್ಲೂ ಇದೆ. ಕಿಡ್ನಿಯಲ್ಲಿ ಕಲ್ಲಾಗಿದ್ದ ನಮ್ಮ ಯಜಮಾನರಿಗೆ ಡಾಕ್ಟರು ಬೇಡ ಅಂದಿದ್ದಾರೆ. ಅವರು ನನ್ನ ತಟ್ಟೆ ನೋಡುತ್ತಾ ಊಟ ಮಾಡುತ್ತಾರೆ.

ಈಗ ಅದೇ ಕುಂಡದಲ್ಲಿ ಚುಕ್ಕಾ ಇದೆ. ಕತ್ತರಿಯಿಂದಲೇ ಕೊಯ್ಯುತ್ತೇನೆ, ಎಲೆ ದಂಟು ಎಲ್ಲಾ. ಯಾರೂ ಕೂಗುವುದಿಲ್ಲ. ಮೊನ್ನೆ ತಮ್ಮನಿಗೆ ಫೋಟೊ ಕಳಿಸಿದೆ. "ಹುಳಿಚಿಕ್ಕ ಅಲ್ಲೇನ ಅದು? ಒಂದಿಷ್ಟು ಬೀಜ ಕಳಸು" ಎಂದು ಬರೆದಿದ್ದಾನೆ. ಲೀಡ್ಸಿನ ಡಿಸೆಂಬರ್ ಅದು ತಡೆಯುತ್ತದೋ ಇಲ್ಲವೋ. ಎರಡು ಗಿಡ ಕೊಯ್ಯದೆ ಹೂವಿಗೆ ಬಿಟ್ಟಿದ್ದೇನೆ.