ಯುದ್ಧ ಬಂದ್ರೆ ನಗರಸಭೇಲಿ ಆರ್‌ಟಿಐ ಬಂದ್ ಅನ್ನೋ ಮೆಸೇಜ್ ತಪ್ಪು

ಚಿಕ್ಕಮಗಳೂರಿನ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಯುದ್ಧ ಶುರುವಾದ್ರೆ ನಗರಸಭೆ ಲೆಕ್ಕ ಯಾರೂ ಕೇಳೋ ಹಾಗಿಲ್ಲ, ಆರ್‌ಟಿಐ, ಅಂದ್ರೆ ಮಾಹಿತಿ ಹಕ್ಕು ಕಾಯ್ದೆ, ತಾನಾಗೇ ರದ್ದಾಗುತ್ತೆ ಅಂತ. ಇದು ತಪ್ಪು.

2005ರ ಮಾಹಿತಿ ಹಕ್ಕು ಕಾಯ್ದೇಲಿ ಯುದ್ಧ ಬಂದ್ರೆ ಕಾಯ್ದೆನೇ ನಿಲ್ಲುತ್ತೆ ಅನ್ನೋ ಸೆಕ್ಷನ್ ಇಲ್ಲ. ಇರೋದು 8(1)(ಎ), ದೇಶದ ಭದ್ರತೆಗೆ ಧಕ್ಕೆ ಆಗೋ ಮಾಹಿತಿ ಕೊಡ್ಬೇಕಾಗಿಲ್ಲ ಅಂತ, ಅದು ಸರಿನೂ ಹೌದು. ಆದ್ರೆ ಐಜಿ ರೋಡ್ ಚರಂಡಿ ಬಿಲ್ಲು, ಟೆಂಡರ್ ಫೈಲು, ಇಂಜಿನಿಯರ್ ಅಳತೆ ಬರೆಯೋ ಎಂಬಿ ಪುಸ್ತಕ ಇವೆಲ್ಲ ಯಾವ ಗಡಿ ಗುಟ್ಟೂ ಅಲ್ಲ. ಒಂದೇ ಫೈಲಲ್ಲಿ ನೀರಿನ ಟ್ಯಾಂಕ್ ಕಾವಲಿನಂಥ ಭದ್ರತೆ ವಿಷಯ ಸೇರಿದ್ರೂ ಸೆಕ್ಷನ್ 10ರ ಪ್ರಕಾರ ಆ ಭಾಗ ಮುಚ್ಚಿ ಉಳಿದದ್ದು ಕೊಡ್ಬಹುದು, ಕೊಡಲ್ಲ ಅಂದ್ರೆ 30 ದಿನದೊಳಗೆ ಕಾರಣ ಬರೆದು ತಿಳಿಸ್ಬೇಕು, ಅದೂ ಸರಿ ಅನ್ನಿಸ್ಲಿಲ್ಲ ಅಂದ್ರೆ ಮೇಲ್ಮನವಿ ಹಾಕೋಕೆ ನಿಮಗೆ ಮತ್ತೆ 30 ದಿನ ಇದೆ.

ರಕ್ಷಣಾ ಕಾರ್ಯಾಚರಣೆ ಲೈವ್ ತೋರಿಸ್ಬೇಡಿ ಅಂತ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮೀಡಿಯಾದವರಿಗೆ ಹೇಳಿದ್ದು ನಿಜ, ಆದ್ರೆ ಅದಕ್ಕೂ ನಗರಸಭೆ ಲೆಕ್ಕಕ್ಕೂ ಸಂಬಂಧ ಇಲ್ಲ. ತುರ್ತು ಖರೀದಿ ಜಾಸ್ತಿ ಆಗೋದೇ ಇಂಥ ಟೈಮಲ್ಲಿ, ಆಗ್ಲೇ ಜನ ಕೇಳ್ಬೇಕು ಅಂತ ನನ್ನ ಅನಿಸಿಕೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡೋದು ನಿಲ್ಸಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.